ಪಿನ್ನಿನ ಕೆಳಗಿನ ಚೀಟಿ

ನಾನು ಏನು ಕೆಲಸ ಮಾಡುತ್ತೇನೆ ಎಂದು ಯಾರಾದರೂ ಕೇಳಿದರೆ ನಮ್ಮ ಅತ್ತೆಯವರು "ಸರ್ಕಾರಿ ಆಫೀಸಿನ್ಯಾಗ ಅದಾಳ್ರಿ" ಎಂದಷ್ಟೇ ಹೇಳಿ ಮಾತು ಬದಲಿಸುತ್ತಿದ್ದರು. ಸೊಸೆ ದಿನವಿಡೀ ಸತ್ತ ಪತಂಗಗಳನ್ನು ಮುಂದಿಟ್ಟುಕೊಂಡು ಇದರ ಹೆಸರೇನು, ಅದರ ಹೆಸರೇನು ಎಂದು ನೋಡುತ್ತಾಳೆ, ಅದಕ್ಕೆ ಸಂಬಳವೂ ಬರುತ್ತದೆ ಎಂದು ಹೇಳಲು ಅವರಿಗೆ ನಾಚಿಕೆ. ಅವರನ್ನು ದೂರಿ ಫಲವಿಲ್ಲ. ಧಾರವಾಡದಲ್ಲಿ ಕೃಷಿ ಓದಿ, ರೈಲ್ವೆಯಲ್ಲಿದ್ದ ಗಂಡನ ಹಿಂದೆ ನಾಗಪುರಕ್ಕೆ ಬಂದು, ತೊಂಬತ್ತರ ದಶಕದ ಆರಂಭದಲ್ಲಿ ಸಿವಿಲ್ ಲೈನ್ಸಿನ ಒಂದು ಹಳೆಯ ಬಂಗಲೆಯಲ್ಲಿದ್ದ ಸಸ್ಯ ಸಂರಕ್ಷಣೆಯ ಕಚೇರಿಗೆ ಸೇರಿದಾಗ ನನಗೂ ಅದೊಂದು ಕೆಲಸ ಅನ್ನಿಸಿರಲಿಲ್ಲ.

ಇದನ್ನು ಬರೆಯಲು ಕಾರಣ ರಶ್ಮಿ. ನಾನು ನಿವೃತ್ತಳಾದ ಮೇಲೆ ಅದೇ ಕಚೇರಿಗೆ, ಅದೇ ಕೋಣೆಗೆ ಸೇರಿದ ಹುಡುಗಿ. ಅಪ್ಪ ಅಮ್ಮ ವಿಜಯಪುರದವರು, ಇವಳು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಕನ್ನಡ ಮಾತಾಡುತ್ತಾಳೆ, ಓದಬೇಕೆಂದರೆ ಒಂದೊಂದೇ ಅಕ್ಷರ ಕೂಡಿಸಬೇಕು. ಸೇರಿದ ವಾರದಲ್ಲೇ ಮನೆಗೆ ಬಂದು ಕೇಳಿದಳು: "ಆಂಟಿ, ಫೋನಿನ್ಯಾಗ ಫೋಟೋ ಹಾಕಿದ್ರ ಜಲ್ದಿ ಹೆಸರು ಬರ್ತದ. ಮತ್ತ ನಾವು ಯಾಕ ಬೇಕು?" ಅವತ್ತು ಚಹಾ ಕೊಟ್ಟು ಕಳಿಸಿದೆ.

ಉತ್ತರ ಕೊಡಬಲ್ಲವರು ಒಬ್ಬರಿದ್ದರು, ನನ್ನ ಮೊದಲ ಮೇಲಧಿಕಾರಿ ಹಿರೇಮಠ ಸಾಹೇಬರು. ಗದಗ ಕಡೆಯವರು. ಕಚೇರಿಯಲ್ಲಿ ಎಲ್ಲರ ಜೊತೆ ಹಿಂದಿ, ಮರಾಠಿ. ನನ್ನ ಜೊತೆ ಮಾತ್ರ ಊರಿನ ಕನ್ನಡ. ವಯಸ್ಸಿನಲ್ಲಿ ನಾನು ಅವರ ಮಗಳಂತಿದ್ದರೂ ಮೊದಲ ದಿನದಿಂದ, ಹಿರಿಯ ಹೆಂಗಸರನ್ನು ಕರೆಯುವ ಹಾಗೆ, "ಬಾಯಾರ" ಎಂದೇ ಕರೆದರು. ಅದರಲ್ಲಿ ಮರ್ಯಾದೆ ಎಷ್ಟು, ತಮಾಷೆ ಎಷ್ಟು ಎಂದು ನನಗೆ ಕೊನೆಯವರೆಗೂ ತಿಳಿಯಲಿಲ್ಲ.

ಮೊದಲ ದಿನ ಅವರು ನನ್ನ ಮುಂದೆ ಒಂದು ತಟ್ಟೆ ಪತಂಗಗಳನ್ನು ಇಟ್ಟು, ಜಾತಿ ಪ್ರಕಾರ ಬೇರ್ಪಡಿಸಲು ಹೇಳಿ ಹೋದರು. ಎಲ್ಲವೂ ಹತ್ತಿಯ ಕಾಯಿ ಕೊರೆಯುವ ಹುಳದ ಪತಂಗಗಳು, ಒಂದೊಂದೂ ಕಿರುಬೆರಳಿನ ಉಗುರಿನಷ್ಟು. ನಾನು ಮೂರು ಗುಂಪು ಮಾಡಿದೆ. ಪೂರ್ತಿ ಹಸಿರು ಒಂದು, ಬಿಳಿಯ ಮೇಲೆ ಹಸಿರು ಪಟ್ಟೆಯದು ಒಂದು, ಒಣಹುಲ್ಲಿನ ಬಣ್ಣದ್ದು ಒಂದು. ಊಟ ಮುಗಿಸಿ ಬಂದ ಸಾಹೇಬರು ಹುಲ್ಲಿನ ಬಣ್ಣದ ಗುಂಪನ್ನು ಹಸಿರು ಗುಂಪಿನೊಳಗೆ ಸುರಿದರು.

"ಇವೆರಡೂ ಒಂದ ಜಾತಿ. ಬ್ಯಾಸಿಗ್ಯಾಗ ಹಸರು, ಥಂಡ್ಯಾಗ ಹುಲ್ಲಿನ ಬಣ್ಣ. ನೀವು ಸೀರಿ ಬದಲಿಸಿದ್ರ ನಿಮ್ಮ ಹೆಸರು ಬದಲಾಗತೈತೇನ್ರಿ, ಬಾಯಾರ?"

ಬಣ್ಣ ನಂಬಬಾರದು ಎಂಬುದು ಮೊದಲ ಪಾಠ. ಹಾಗಾದರೆ ಯಾವುದನ್ನು ನಂಬಬೇಕು? ಅದಕ್ಕೆ ಉತ್ತರ ಪತಂಗದ ಬಾಲದ ತುದಿಯಲ್ಲಿತ್ತು. ಹೊರಗಿನಿಂದ ಅವಳಿಗಳಂತೆ ಕಾಣುವ ಎರಡು ಜಾತಿಗಳಲ್ಲೂ ಗಂಡಿನ ಬಾಲದೊಳಗಿನ ಗಟ್ಟಿ ಭಾಗಗಳ ಆಕಾರ ಬೇರೆ ಇರುತ್ತದೆ. ಬಾಲ ಕತ್ತರಿಸಿ, ಕ್ಷಾರದ ನೀರಿನಲ್ಲಿ ಹದವಾಗಿ ಕಾಯಿಸಿ, ಮೆತ್ತಗಿನದೆಲ್ಲ ಕರಗಿದ ಮೇಲೆ ಕುಂಚದಿಂದ ತೊಳೆದು, ಸೂಕ್ಷ್ಮದರ್ಶಕದ ಕೆಳಗೆ ಇಡಬೇಕು. ಕಾಯಿಸುವುದು ಸ್ವಲ್ಪ ಹೆಚ್ಚಾದರೆ ನೋಡಬೇಕಾದದ್ದೂ ಕರಗಿ ಹೋಗುತ್ತದೆ. ನಾನು ಕರಗಿಸಿದ ಬಾಲಗಳಿಗೆ ಲೆಕ್ಕವಿಲ್ಲ. ಸಂಜೆ ಮನೆಗೆ ಬಂದರೆ ನಮ್ಮವರು ನನ್ನ ಕೈ ಮೂಸಿ, "ಇವತ್ತ ಆಫೀಸಿನ್ಯಾಗ ಏನು ಅಡಗಿ?" ಎಂದು ಕೇಳುತ್ತಿದ್ದರು.

ಎರಡನೆಯ ಪಾಠ ಚೀಟಿಯದು. ನಮ್ಮಲ್ಲಿ ಪ್ರತಿ ಪತಂಗವನ್ನೂ ಒಂದು ಉದ್ದ ಪಿನ್ನಿಗೆ ಚುಚ್ಚಿ ಮರದ ಪೆಟ್ಟಿಗೆಯಲ್ಲಿ ನಿಲ್ಲಿಸುತ್ತಾರೆ. ಪತಂಗದ ಕೆಳಗೆ, ಅದೇ ಪಿನ್ನಿನಲ್ಲಿ, ಎಲ್ಲಿ ಸಿಕ್ಕಿತು, ಯಾರು ಹಿಡಿದರು ಎಂಬ ಚೀಟಿ. ಅದರ ಕೆಳಗೆ ಹೆಸರಿನ ಚೀಟಿ, ಹೆಸರು ಹೇಳಿದವರ ಸಹಿ. ಮುಂದೆ ಯಾರಾದರೂ ಆ ಹೆಸರು ತಪ್ಪು ಎಂದು ಕಂಡುಹಿಡಿದರೆ ಹೊಸ ಚೀಟಿ ಹಳೆಯದರ ಕೆಳಗೆ ಬರುತ್ತದೆ. ಹಳೆಯ ಚೀಟಿ ತೆಗೆಯುವಂತಿಲ್ಲ. ತಪ್ಪಿದವರ ಹೆಸರೂ ತಿದ್ದಿದವರ ಹೆಸರೂ ಪತಂಗದ ಜೊತೆ ಇರಬೇಕು. ಮೇಲಿನಿಂದ ನೋಡಿದರೆ ರೆಕ್ಕೆ ಬಿಟ್ಟು ಏನೂ ಕಾಣುವುದಿಲ್ಲ. ಅದಕ್ಕೇ ಸಾಹೇಬರು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು: "ಪಿನ್ ಎತ್ತಿ ನೋಡ್ರಿ. ಕಡೀ ಚೀಟಿತನಕ ಓದ್ರಿ."

ಈಗ ನನ್ನ ತಪ್ಪಿನ ಕಥೆ. ಬಡ್ತಿಗಳ ಬಗ್ಗೆ ನಾನು ಬರೆಯುವುದಿಲ್ಲ, ಅವು ನನಗೆ ಸರಿಯಾಗಿ ನೆನಪೂ ಇಲ್ಲ. ಇದೊಂದು ಮಾತ್ರ ನೆನಪಿದೆ.

ನಾನು ಸೇರಿ ಮೂರನೆಯ ಮಳೆಗಾಲ. ಕಾಟೋಲ್ ಕಡೆಯ ಕಿತ್ತಳೆ ತೋಟಗಾರ ಗುಲಾಬರಾವ್ ಒಂದು ಮಧ್ಯಾಹ್ನ ಕಚೇರಿಗೆ ಬಂದರು. ಅವರ ಮಾತೆಲ್ಲ ಮರಾಠಿ. ನನ್ನ ನೆನಪಿನಲ್ಲಿ ಅದು ನಮ್ಮ ಕಡೆಯ ಕನ್ನಡವಾಗಿಯೇ ಉಳಿದಿದೆ, ಹಾಗೆಯೇ ಬರೆಯುತ್ತೇನೆ. ಕೈಯಲ್ಲಿ ಒಂದು ಚೀಲ ಕಾಯಿ, ಜೇಬಿನಲ್ಲಿ ಸ್ಟುಡಿಯೋದ ಲಕೋಟೆ. ಅಂಬಿಯಾ ಬಹಾರ ಎನ್ನುತ್ತಾರಲ್ಲ, ದೀಪಾವಳಿಯ ಆಸುಪಾಸಿನಲ್ಲಿ ಕಳಮನಾ ಮಾರುಕಟ್ಟೆಗೆ ಬರುವ ಕಿತ್ತಳೆ, ಅದು ಬಣ್ಣ ತಿರುಗುವ ಮೊದಲೇ ಉದುರುತ್ತಿತ್ತು. ಒಂದು ಕಾಯಿ ತೆಗೆದು ಮೆಲ್ಲಗೆ ಒತ್ತಿದೆ. ಕಣ್ಣಿಗೆ ಕಾಣದ ತೂತಿನಿಂದ ರಸ ಚಿಮ್ಮಿ ನನ್ನ ಕನ್ನಡಕದ ಮೇಲೆ ಬಿತ್ತು. ಹಣ್ಣು ಚುಚ್ಚುವ ಪತಂಗದ ಕೆಲಸ, ಅದರಲ್ಲಿ ಅನುಮಾನವಿರಲಿಲ್ಲ.

"ಬಾಈ, ವರ್ಷದ ಬೆಳಿ ಇದು. ಇದು ಹೋದ್ರ ನಾವು ಹೋದಂಗ" ಎಂದರು ಗುಲಾಬರಾವ್.

ಯಾವ ಪತಂಗ ಎಂಬುದೇ ಪ್ರಶ್ನೆ. ಹಣ್ಣು ಚುಚ್ಚುವುದು ದೊಡ್ಡ ಪತಂಗ. ಅದರ ಹುಳು ಬೆಳೆಯುವುದು ಕಿತ್ತಳೆ ಗಿಡದ ಮೇಲಲ್ಲ, ಬೇರೆ ಯಾವುದೋ ಬಳ್ಳಿಯ ಮೇಲೆ. ಪತಂಗದ ಹೆಸರು ತಿಳಿದರೆ ಬಳ್ಳಿ ಯಾವುದೆಂದು ತಿಳಿಯುತ್ತದೆ. ನನ್ನ ತಲೆಯಲ್ಲಿದ್ದವು ಎರಡು. ಒಂದರ ಒಳರೆಕ್ಕೆ ಕೇಸರಿ, ಅದರ ಹುಳು ಗುಳವೇಲಿನ ಮೇಲೆ ಬೆಳೆಯುತ್ತದೆ, ನಾವು ಅಮೃತಬಳ್ಳಿ ಎನ್ನುವುದು. ಇನ್ನೊಂದರ ಒಳರೆಕ್ಕೆ ಹಳದಿ, ಅದರ ಮೇಲೆ ಎರಡು ಕಪ್ಪು ಪಟ್ಟೆ, ಅದರ ಹುಳು ಮಧುಮಾಲತಿಯ ಮೇಲೆ. ಕೇಸರಿಯದು ಗಾತ್ರದಲ್ಲಿ ದೊಡ್ಡದು. ರೆಕ್ಕೆ ಬಿಚ್ಚಿದರೆ ಮಕ್ಕಳೂ ವ್ಯತ್ಯಾಸ ಹೇಳಬಹುದು. ಮುಚ್ಚಿ ಕುಳಿತರೆ ಎರಡೂ ಒಣಗಿದ ಎಲೆ.

"ಪತಂಗ ಎಲ್ಲಿ?" ಎಂದು ಕೇಳಿದೆ.

"ಒಗೆದ್ವಿ. ಫೋಟೋ ತೆಗೆಸೇವಲ್ಲ, ಪತಂಗ ಯಾಕ?" ಎಂದು ಲಕೋಟೆ ಕೊಟ್ಟರು.

ಪಾಪ, ಅವರು ಕಾಟೋಲಿನ ಸ್ಟುಡಿಯೋದವನನ್ನು ತೋಟಕ್ಕೇ ಕರೆಸಿ ಫೋಟೋ ತೆಗೆಸಿದ್ದರು. ಅವನು ಮದುವೆ ಫೋಟೋ ತೆಗೆಯುವವನು. ಪತಂಗ ಅಂದವಾಗಿ ಕಾಣಲಿ ಎಂದು ಅದನ್ನು ಕೆಂಪು ಮಖಮಲ್ ಬಟ್ಟೆಯ ಮೇಲೆ ಕೂರಿಸಿ, ಮದುಮಗಳ ಫೋಟೋಗೆ ಏರಿಸುವ ಹಾಗೆ ಬಣ್ಣ ಏರಿಸಿ ಪ್ರಿಂಟು ಹಾಕಿದ್ದ. ಪಕ್ಕದಲ್ಲಿ ಒಂದು ಬೆಂಕಿಪೊಟ್ಟಣವೂ ಇಲ್ಲ, ಗಾತ್ರ ಹೇಗೆ ತಿಳಿಯಬೇಕು? ಮುಚ್ಚಿದ ಕಂದು ರೆಕ್ಕೆಯ ಅಂಚಿನಲ್ಲಿ ಒಳರೆಕ್ಕೆಯ ಒಂದು ಎಳೆ ಮಾತ್ರ ಕಾಣುತ್ತಿತ್ತು. ಅದು ಕೇಸರಿಯಾಗಿ ಕಂಡಿತು.

ಹಿರೇಮಠ ಸಾಹೇಬರು ರಜೆಯ ಮೇಲೆ ಊರಿಗೆ ಹೋಗಿದ್ದರು. ಇದ್ದಿದ್ದರೆ ಪತಂಗ ತನ್ನಿ ಎಂದು ವಾಪಸು ಕಳಿಸುತ್ತಿದ್ದರು. ನನಗೆ ಗುಲಾಬರಾವ್ ಅವರ ಮುಖ ನೋಡಿ ಹಾಗೆ ಹೇಳಲು ಬಾಯಿ ಬರಲಿಲ್ಲ. ಅಷ್ಟೇ ಆಗಿದ್ದರೆ ಒಳ್ಳೆಯತನ ಎನ್ನಬಹುದಿತ್ತು. ಸಾಹೇಬರಿಲ್ಲದಾಗ ನಾನೇ ಒಂದು ಹೆಸರು ಹೇಳಬೇಕು ಎಂಬ ಜಂಬವೂ ಇತ್ತು. ಕಚೇರಿಯ ಕಾಗದದ ಮೇಲೆ ಕೇಸರಿ ರೆಕ್ಕೆಯ ಹೆಸರು ಬರೆದು, ತೋಟದಲ್ಲೂ ಬೇಲಿಯಲ್ಲೂ ಇರುವ ಗುಳವೇಲನ್ನೆಲ್ಲ ಬುಡಕ್ಕೆ ಕಡಿಸಿ ಎಂದು ಸೂಚಿಸಿ, ಸಹಿ ಮಾಡಿ ಮೊಹರು ಒತ್ತಿದೆ. ಅವರು ಆ ಕಾಗದವನ್ನು ಹಣೆಗೆ ಒತ್ತಿಕೊಂಡು ಹೋದರು.

ಎರಡು ವಾರಕ್ಕೆ ಮತ್ತೆ ಬಂದರು. ಸಾಹೇಬರೂ ರಜೆ ಮುಗಿಸಿ ಬಂದಿದ್ದರು. ಈ ಸಲ ಲಕೋಟೆ ಇಲ್ಲ, ಒಂದು ಸ್ಟೀಲಿನ ಊಟದ ಡಬ್ಬಿ.

"ಬಳ್ಳಿ ಎಲ್ಲಾ ಕಡಿಸಿದೆ, ಬಾಈ. ಅವ್ವನ ಬಳ್ಳಿನೂ ಬಿಡಲಿಲ್ಲ. ಕಾಯಿ ಇನ್ನೂ ಬೀಳಾಕತ್ತಾವ."

ಡಬ್ಬಿಯಲ್ಲಿ ಹತ್ತಿಯ ಮೇಲೆ ನಾಲ್ಕು ಪತಂಗ. ಸಾಹೇಬರು ಒಂದನ್ನು ಎತ್ತಿ ನನ್ನ ಮೇಜಿನ ಮೇಲೆ ಇಟ್ಟು, ಚಿಮಟದಿಂದ ಮೇಲಿನ ರೆಕ್ಕೆಯನ್ನು ಪಕ್ಕಕ್ಕೆ ಸರಿಸಿದರು.

"ಓದ್ರಿ, ಬಾಯಾರ."

ಹಳದಿ. ಎರಡು ಕಪ್ಪು ಪಟ್ಟೆ. ಸಾಹೇಬರು ಫೈಲಿನಲ್ಲಿದ್ದ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ ಹೇಳಿದ್ದು ಇಷ್ಟೇ: "ಮಖಮಲ್ಲಿನ ಬಣ್ಣಕ್ಕ ಹೆಸರು ಕೊಟ್ಟೀರಿ ನೀವು." ಗುಲಾಬರಾವ್ ಅವರ ಮುಂದೆ ಬೈಯಲಿಲ್ಲ. ಅವರು ಹೋದ ಮೇಲೂ ಬೈಯಲಿಲ್ಲ. ಆ ಪತಂಗವನ್ನು ಪಿನ್ನಿಗೆ ಚುಚ್ಚಿ, ನನ್ನ ಕೈಗೆ ಪೆನ್ನು ಕೊಟ್ಟು, ಮೊದಲು ತಪ್ಪು ಹೆಸರಿನ ಚೀಟಿ ಬರೆಸಿದರು. ಅದರ ಕೆಳಗೆ ಸರಿ ಹೆಸರಿನದು. ಎರಡಕ್ಕೂ ನನ್ನದೇ ಸಹಿ.

"ಹೆಸರು ಎಲ್ಲಾರ್ದೂ ತಪ್ಪತೈತ್ರಿ. ನಾಳೆ ಹೋಗಿ ಅವರ ಮುಂದ ಹೇಳಿ ಬರ್ರಿ. ಜೀಪು ಕೊಡೂದಿಲ್ಲ. ಎಸ್‌ಟಿ ಬಸ್ಸಿನ್ಯಾಗ ಹೋಗ್ರಿ, ಹಾದಿ ಲಗೂ ಮುಗೀಬಾರದು" ಎಂದರು.

ಆ ಹಾದಿ ನಿಜಕ್ಕೂ ಮುಗಿಯಲಿಲ್ಲ. ತೋಟಕ್ಕೆ ಹೋದಾಗ ಗುಲಾಬರಾವ್ ಬಾವಿಯ ಹತ್ತಿರ, ಪಂಪಿನ ಮನೆಯ ಮುಂದೆ ಹಗ್ಗದ ಮಂಚ ಹಾಕಿ ಕೂರಿಸಿ ಚಹಾ ತರಿಸಿದರು. ತಪ್ಪು ನನ್ನದು ಎಂದು ಹೇಳಲು ಬಾಯಿ ತೆರೆಯಬೇಕು, ತಲೆ ಎತ್ತಿದೆ. ಪಂಪಿನ ಮನೆಯ ಸೂರಿನ ಮೇಲೆಲ್ಲ ಮಧುಮಾಲತಿ ಹಬ್ಬಿ ಗೊಂಚಲು ಗೊಂಚಲು ಹೂ ಬಿಟ್ಟಿತ್ತು. ಎಲೆಗಳ ನಡುವೆ ಕಡ್ಡಿಯಂತೆ ಸೆಟೆದು ಕೂತ ಹುಳುಗಳು. ನಾನು ಮೊದಲೇ ಒಮ್ಮೆ ಬಂದು ಇಲ್ಲಿ ಒಂದು ಲೋಟ ಚಹಾ ಕುಡಿದಿದ್ದರೆ ಕಾಗದವೇ ಬೇಕಿರಲಿಲ್ಲ.

ಎಲ್ಲ ಹೇಳಿದೆ. ಈ ಸಲ ಕುಡುಗೋಲು ಬೇಡ, ಹುಳು ಆರಿಸಿ ತೆಗೆಯಿರಿ, ಬಿದ್ದ ಕಾಯಿ ಹೂಳಿರಿ, ಮುಸ್ಸಂಜೆಗೆ ತೋಟದಲ್ಲಿ ಹೊಗೆ ಹಾಕಿ ಎಂದೆ. ಗುಲಾಬರಾವ್ ಹಾಗೆಯೇ ಮಾಡಿದರು. ಉಳಿದ ಫಸಲಿನಲ್ಲಿ ಬಹುಪಾಲು ಆ ವರ್ಷ ಕಳಮನಾ ಮುಟ್ಟಿತು ಎಂದು ಆಮೇಲೆ ತಿಳಿಯಿತು. ಕಚೇರಿಗೆ ಒಂದು ಚೀಲ ಕಿತ್ತಳೆಯನ್ನೂ ಕಳಿಸಿದ್ದರು. ಎಲ್ಲರೂ ತಿಂದರು, ನಾನು ಮುಟ್ಟಲಿಲ್ಲ.

ಏಕೆಂದರೆ ನಾನು ತೋಟಕ್ಕೆ ಹೋದ ದಿನ ಗುಲಾಬರಾವ್ ಅವರ ತಾಯಿ ನನ್ನನ್ನು ತೋಟದ ಹಿಂದಿನ ಬೇವಿನ ಮರದ ಹತ್ತಿರ ಕರೆದುಕೊಂಡು ಹೋಗಿದ್ದರು. ಎಲ್ಲರೂ ಅವರನ್ನು ಆಜಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಬೇವಿಗೆ ಹಬ್ಬಿದ ಗುಳವೇಲು ಅದು, ಮಣಿಕಟ್ಟಿನಷ್ಟು ದಪ್ಪ. ಸುತ್ತಲಿನ ಊರುಗಳಲ್ಲಿ ಯಾರಿಗೆ ಜ್ವರ ಬಂದರೂ ಆಜಿಯ ಹತ್ತಿರ ಬಂದು ಒಂದು ತುಂಡು ಒಯ್ಯುತ್ತಿದ್ದರಂತೆ. ಬುಡದಲ್ಲಿ ಕಡಿದ ಬಳ್ಳಿ ಎದೆಯ ಎತ್ತರದಲ್ಲಿ ಗಾಳಿಯಲ್ಲಿ ತೂಗುತ್ತಿತ್ತು.

"ನಮ್ಮ ಅತ್ತಿ ಹಚ್ಚಿದ್ದು" ಎಂದರು ಆಜಿ. "ಬ್ಯಾಡೋ ಅಂದೆ ಮಗಗ. ಸರ್ಕಾರದ ಕಾಗದ ಐತಿ ಅಂದ. ಆ ಕಾಗದ ನಿನ್ನದ?"

"ನಂದ, ಆಜಿ."

ಅವರು ನನ್ನ ಕೈ ಹಿಡಿದು ಮರದ ಇನ್ನೊಂದು ಬದಿಗೆ ಎಳೆದರು. ಮೇಲಿನ ಬಳ್ಳಿಯಿಂದ ಒಂದು ಬೇರು ಹೊರಟು, ಸೆಣಬಿನ ಎಳೆಯಷ್ಟು ತೆಳ್ಳಗೆ, ನೇರ ಕೆಳಗೆ ಇಳಿದಿತ್ತು. ನೆಲಕ್ಕೆ ಇನ್ನೂ ಒಂದೂವರೆ ಗೇಣು ಬಾಕಿ. ಅದರ ಕೆಳಗೆ ಆಜಿ ಹಸಿ ಮಣ್ಣಿನ ಗುಡ್ಡೆ ಹಾಕಿ ನೀರು ಚಿಮುಕಿಸಿದ್ದರು.

"ಅದಕ್ಕ ಓದಾಕ ಬರೂದಿಲ್ಲ. ನಿನ್ನ ಕಾಗದ ಅದಕ್ಕ ಗೊತ್ತಿಲ್ಲ" ಎಂದರು. ನನಗೆ ನಗು ಬರಲಿಲ್ಲ, ಅವರಿಗೂ ಬರಲಿಲ್ಲ. "ನೆಲ ಮುಟ್ಟಿದ್ರ ಉಳೀತು. ಇಲ್ಲಂದ್ರ ಮುಗೀತು. ದಿವಾಳಿಗೆ ಬಾ, ನೋಡು."

ಬರುತ್ತೇನೆ ಎಂದೆ. ಹೋಗಲಿಲ್ಲ.

ದೀಪಾವಳಿಯ ಮೊದಲು ಸಾಹೇಬರು ಕೇಳಿದರು: "ಬಳ್ಳಿ ನೋಡಾಕ ಯಾವಾಗ ಹೋಗ್ತೀರಿ?" ಮಗಳಿಗೆ ಜ್ವರ ಎಂದು ಸುಳ್ಳು ಹೇಳಿದೆ. ಮುಂದಿನ ವರ್ಷ ಒಮ್ಮೆ ಕೇಳಿದರು. ಹೋಗ್ತೀನಿ ಸರ್ ಎಂದೆ. ಆಮೇಲೆ ಅವರು ಕೇಳುವುದನ್ನೇ ಬಿಟ್ಟರು. ನನಗೆ ಇದ್ದದ್ದು ಹೆದರಿಕೆ, ಬೇರೇನೂ ಅಲ್ಲ. ಹೋಗಿ ಒಣಗಿದ ಬಳ್ಳಿ ಕಂಡರೆ ಅದು ಸತ್ತದ್ದು ಖಾತ್ರಿಯಾಗುತ್ತದೆ, ಹೋಗದಿದ್ದರೆ ಬದುಕಿರಲೂಬಹುದು. ಆ ಹಳದಿ ಪತಂಗವಿದ್ದ ಪೆಟ್ಟಿಗೆಯನ್ನೂ ನಾನು ತೆರೆಯಲಿಲ್ಲ. ಹುಳು ಹಿಡಿಯದಂತೆ ಔಷಧ ಇಡುವ ದಿನ ಆ ಒಂದು ಪೆಟ್ಟಿಗೆಯ ಕೆಲಸವನ್ನು ಬೇರೆಯವರಿಗೆ ಹೇಳುತ್ತಿದ್ದೆ. ಸಾಹೇಬರು ನಿವೃತ್ತರಾಗಿ ಗದಗಕ್ಕೆ ಹೋದರು. ಕೆಲವು ವರ್ಷಗಳಲ್ಲಿ ತೀರಿಕೊಂಡ ಸುದ್ದಿ ಬಂತು. ಅವತ್ತು ಕಚೇರಿಯಲ್ಲಿ ಕನ್ನಡದಲ್ಲಿ ಅಳಲು ನನಗೆ ಜೊತೆ ಇರಲಿಲ್ಲ.

ಅಷ್ಟರಲ್ಲಿ ಡಿಜಿಟಲ್ ಕ್ಯಾಮೆರಾ ಬಂತು, ಇಮೇಲ್ ಬಂತು. ಬೆಳಿಗ್ಗೆ ಕಂಪ್ಯೂಟರ್ ತೆರೆದರೆ ಪತಂಗಗಳ ಫೋಟೋ ಸಾಲು. ಒಮ್ಮೆ ನಾಗಪುರದ ಹೊರವಲಯದ ವಾಡಿಯ ಗೋದಾಮಿನ ಮಾಲೀಕರೊಬ್ಬರು ಬಿಳಿಯ ಪತಂಗವೊಂದರ ಫೋಟೋ ಕಳಿಸಿ, ಇಂಥದ್ದು ಹಿಂದೆಂದೂ ನೋಡಿಲ್ಲ, ಹೊರದೇಶದ್ದೇ ಇರಬೇಕು ಎಂದು ಗಾಬರಿಯಿಂದ ಬರೆದರು. ಹೋಗಿ ನೋಡಿದರೆ ಅಕ್ಕಿಯ ಮೂಟೆಯಲ್ಲಿ ಸಾಮಾನ್ಯವಾಗಿ ಇರುವ ಬೂದು ಪತಂಗ. ಫ್ಲ್ಯಾಶ್ ಹತ್ತಿರದಿಂದ ಬಿದ್ದು ಬೆಳ್ಳಗಾಗಿತ್ತು. ಇಬ್ಬರೂ ಮೂಟೆಗಳ ನಡುವೆ ನಿಂತು ನಕ್ಕೆವು.

ಎಲ್ಲರೂ ನಗುತ್ತಿರಲಿಲ್ಲ. "ಇವೆರಡರಲ್ಲಿ ಒಂದು, ಪತಂಗ ಕಳಿಸಿದರೆ ಹೇಳಬಹುದು" ಎಂದು ನಾನು ಉತ್ತರ ಬರೆದರೆ ಜನಕ್ಕೆ ಸಿಟ್ಟು. ಇಷ್ಟು ವರ್ಷ ಕೂತು ಇಷ್ಟೂ ಬರುವುದಿಲ್ಲವೇ ಎಂದು ಒಬ್ಬ ಮೇಲಧಿಕಾರಿಯೇ ಕೇಳಿದರು. ಗೊತ್ತಿಲ್ಲ ಎಂದು ಬರೆದು ಅದರ ಕೆಳಗೆ ಸಹಿ ಮಾಡುವುದು ನಮ್ಮ ಕೆಲಸದ ಅತಿ ಕಷ್ಟದ ಭಾಗ. ನಾನು ಫೋಟೋದ ವೈರಿ ಅಲ್ಲ. ಪಕ್ಕದಲ್ಲಿ ಬೆಂಕಿಪೊಟ್ಟಣವಿಟ್ಟು, ಹಿಂದೆ ಬಿಳಿ ಕಾಗದವಿಟ್ಟು, ಒಳರೆಕ್ಕೆ ಕಾಣುವಂತೆ ತೆಗೆದ ಫೋಟೋ ನನಗೆ ಎಷ್ಟೋ ಸಲ ದಾರಿ ತೋರಿಸಿದೆ. ಆದರೂ ಸಹಿ ಮಾಡುವ ಮುನ್ನ ಪ್ರತಿ ಸಲ ಗಾಳಿಯಲ್ಲಿ ತೂಗುತ್ತಿದ್ದ ಆ ಬಳ್ಳಿ ಕಣ್ಣ ಮುಂದೆ ಬರುತ್ತಿತ್ತು.

ಹೋದ ತಿಂಗಳು ರಶ್ಮಿ ಫೋನ್ ಮಾಡಿದಳು. ಕಚೇರಿಯ ಪೆಟ್ಟಿಗೆಗಳ ಫೋಟೋ ತೆಗೆದು ಕಂಪ್ಯೂಟರಿಗೆ ಹಾಕುವ ಕೆಲಸ ನಡೆದಿದೆಯಂತೆ. "ಆಂಟಿ, ಒಂದು ಪಿನ್ನಿನ್ಯಾಗ ಕನ್ನಡ ಚೀಟಿ ಐತಿ. ಇಲ್ಲಿ ಕೋಣಾಲಾಚ್ ವಾಚತಾ ಯೇತ ನಾಹಿ, ಯಾರಿಗೂ ಓದಾಕ ಬರೂದಿಲ್ಲ. ನೀವು ಬರ್ರಿ."

ಹೋದೆ. ಮೇಜಿನ ಮೇಲೆ ಆ ಪೆಟ್ಟಿಗೆಯೇ ಇತ್ತು. ರಶ್ಮಿ ಕಂಪ್ಯೂಟರಿನಲ್ಲಿ ಅದರ ಫೋಟೋ ತೋರಿಸಿದಳು. ಎಷ್ಟು ಚೆಂದದ ಫೋಟೋ, ರೆಕ್ಕೆಯ ಮೇಲಿನ ಪುಡಿಯ ಒಂದೊಂದು ಕಣವೂ ಕಾಣುತ್ತಿತ್ತು. ಚೀಟಿ ಮಾತ್ರ ಕಾಣುತ್ತಿರಲಿಲ್ಲ. ಆಮೇಲೆ ಅವಳು ಪಿನ್ ಎತ್ತಿದಳು.

"ಇದು ನಿಮ್ಮ ಅಕ್ಷರ" ಎಂದಳು. "ಇದೂ ನಿಮ್ಮದ. ಮೊದಲನೇದು ತಪ್ಪು, ಬರೋಬರ್?"

"ಬರೋಬರ್" ಎಂದೆ.

ಎರಡರ ಕೆಳಗೆ ಮೂರನೆಯದೊಂದಿತ್ತು. ನಾನು ಬರೆದದ್ದಲ್ಲ. ಪೆನ್ಸಿಲಿನ ಸಣ್ಣ, ದುಂಡು ಅಕ್ಷರ. ಅಕ್ಷರ ಯಾರದೆಂದು ತಿಳಿಯಲು ನನಗೆ ಕನ್ನಡಕ ಬೇಕಾಗಲಿಲ್ಲ. ಓದಲು ಆಗಲಿಲ್ಲ, ಕಣ್ಣು ಮಂಜಾಗಿತ್ತು. ನೀನೇ ಓದು ಎಂದೆ. ರಶ್ಮಿ ಚೀಟಿಯನ್ನು ದೀಪಕ್ಕೆ ಹಿಡಿದು ಒಂದೊಂದೇ ಅಕ್ಷರ ಕೂಡಿಸಿದಳು.

"ಬ... ಬಳ್ಳಿ... ನೆಲ... ಮುಟ್ಟೈತಿ. ಆಜಿ... ನಿಮ್ಮನ್ನ... ಕೇಳಿದ್ರು."

ಸಾಹೇಬರು ಹೋಗಿ ಬಂದಿದ್ದರು. ನಾನು ಹೋಗುವುದಿಲ್ಲ ಎಂದು ತಿಳಿದ ಮೇಲೆ ತಾವೇ ಹೋಗಿ ನೋಡಿ, ನನಗೆ ಬಾಯಿಬಿಟ್ಟು ಹೇಳದೆ, ದಿನಕ್ಕೊಮ್ಮೆ ಹೇಳಿಕೊಟ್ಟಂತೆ ನಾನೇ ಒಂದು ದಿನ ಪಿನ್ ಎತ್ತಿ ಓದುತ್ತೇನೆಂದು ಆ ಪಿನ್ನಿಗೆ ಚುಚ್ಚಿಟ್ಟು ಕಾದಿದ್ದರು. ನಿವೃತ್ತರಾಗುವವರೆಗೂ ಕಾದಿರಬೇಕು. ನನ್ನ ಕುರ್ಚಿಯಿಂದ ಆ ಪೆಟ್ಟಿಗೆಗೆ ಹತ್ತು ಹೆಜ್ಜೆ.

"ಯಾವ ಬಳ್ಳಿ, ಆಂಟಿ? ಯಾವ ಆಜಿ?" ಎಂದು ರಶ್ಮಿ ಕೇಳಿದಳು. ಅವಳಿಗೆ ಆಗ ಹೇಳಲಾಗದೆ ಉಳಿದದ್ದನ್ನೇ ಇಲ್ಲಿ ಬರೆದಿದ್ದೇನೆ. ನಿಧಾನವಾಗಿ ಅಕ್ಷರ ಕೂಡಿಸಿ ಓದಲಿ.

ಆ ಚೀಟಿ ಓದಿಸಿದ ಮರುದಿನ ಬೆಳಿಗ್ಗೆ ಕಾಟೋಲಿನ ಎಸ್‌ಟಿ ಬಸ್ ಹತ್ತಿದೆ. ಆಜಿ ಈಗ ಇರಲಾರರು ಎಂದು ಗೊತ್ತಿತ್ತು. ಕೇಳಿದ್ದರಲ್ಲ, ಅದಕ್ಕೆ ಹೋದೆ.